ಸೌದೆ ಸೀಳುವ ಯಂತ್ರ: ಟನ್ನಿನ ಸ್ಟಿಕ್ಕರ್ ಆಮೇಲೆ, ಸಿಲಿಂಡರ್ ಮೊದಲು

ಸೌದೆ ಸೀಳುವ ಯಂತ್ರದ ಮೈಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಬರೆದಿರುವುದು ಟನ್, ಅಂದರೆ ಅದು ತಳ್ಳುವ ಬಲ. ಕೊಳ್ಳುವವರೂ ಅದನ್ನೇ ಹಿಡಿದು ಹೋಲಿಸುತ್ತಾರೆ. ಆ ಅಂಕಿ ನಂಬುವಂಥದ್ದೇ ಎಂದು ತಿಳಿಯಲು ಎರಡು ವಿಷಯ ಕೇಳಿದರೆ ಸಾಕು: ಆಯಿಲ್ ತುಂಬಿ ಬೆಣೆಯನ್ನೋ ಮರವನ್ನೋ ತಳ್ಳುವ ಸಿಲಿಂಡರಿನ ಒಳವ್ಯಾಸ ಎಷ್ಟು, ಆಯಿಲ್‌ನ ಒತ್ತಡ ಎಷ್ಟು. ಒಳವ್ಯಾಸ 100 ಮಿ.ಮೀ., ಒತ್ತಡ 200 ಬಾರ್ ಇದ್ದರೆ ತಳ್ಳುವ ಬಲ ಸುಮಾರು 16 ಟನ್. ಅದೇ ಒತ್ತಡದಲ್ಲಿ 50 ಮಿ.ಮೀ. ಸಿಲಿಂಡರ್ ಕೊಡುವುದು ಬರೀ 4 ಟನ್. ವ್ಯಾಸ ಅರ್ಧವಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. 16 ಟನ್ನಿನ ಸಿಲಿಂಡರಿಗೆ 25 ಟನ್ ಎಂದು ಸ್ಟಿಕ್ಕರ್ ಅಂಟಿಸಿದ್ದರೆ ಈ ಲೆಕ್ಕದಲ್ಲೇ ಬಣ್ಣ ಬಯಲಾಗುತ್ತದೆ.

ಎಷ್ಟು ಬಲ ಬೇಕು ಎನ್ನುವುದನ್ನು ಮರ ಹೇಳುತ್ತದೆ. ನಾರು ನೇರವಾಗಿದ್ದು ಗಂಟಿಲ್ಲದ, 25 ಸೆಂ.ಮೀ. ದಪ್ಪದೊಳಗಿನ ತುಂಡುಗಳಿಗೆ 5ರಿಂದ 7 ಟನ್ನಿನ ಕರೆಂಟ್ ಯಂತ್ರ ಧಾರಾಳ. ಕೊಂಬೆ ಕವಲೊಡೆದ ಜಾಗ, ಹೆಣೆದುಕೊಂಡ ನಾರು, ಒಣಗಿ ಕಲ್ಲಾದ ನೀಲಗಿರಿ, ಇವುಗಳ ಮುಂದೆ ಅದೇ ಯಂತ್ರ ಅರ್ಧಕ್ಕೆ ನಿಂತು ಗೊಣಗುತ್ತದೆ. ನೀಲಗಿರಿಯನ್ನು ಹಸಿಯಿದ್ದಾಗಲೇ ಸೀಳಿಬಿಡಬೇಕು. ಸೀಳಿದ ಮೇಲೆ ಬೇಗ ಒಣಗುತ್ತದೆ ಕೂಡ, ಏಕೆಂದರೆ ತೊಗಟೆ ಸುತ್ತಿಕೊಂಡ ಇಡೀ ತುಂಡಿನೊಳಗಿನ ತೇವ ಹೊರಬರಲು ಎರಡು ತುದಿ ಬಿಟ್ಟರೆ ದಾರಿ ಕಡಿಮೆ. 30 ಸೆಂ.ಮೀ. ದಾಟಿದ ಗಂಟಿನ ತುಂಡುಗಳೇ ಹೆಚ್ಚಿದ್ದರೆ 20 ಟನ್ ಆಸುಪಾಸಿನ ಪೆಟ್ರೋಲ್ ಯಂತ್ರ ನೋಡಿ. ಅದರಲ್ಲೂ ನೆಟ್ಟಗೆ ನಿಲ್ಲಿಸಿ ಬಳಸಬಹುದಾದ ಮಾದರಿಯೇ ಇರಲಿ. 50 ಸೆಂ.ಮೀ. ದಪ್ಪ, 40 ಸೆಂ.ಮೀ. ಉದ್ದದ ಹಸಿ ತುಂಡೊಂದು ಹೆಚ್ಚುಕಡಿಮೆ 75 ಕಿಲೋ ತೂಗುತ್ತದೆ. ಅದನ್ನು ಸೊಂಟದೆತ್ತರಕ್ಕೆ ಎತ್ತುವುದಕ್ಕಿಂತ ನೆಲದಲ್ಲೇ ಉರುಳಿಸಿ ಬೆಣೆಯ ಕೆಳಗೆ ತಳ್ಳುವುದು ಮೇಲು.

ವರ್ಷಕ್ಕೆ ಒಂದೆರಡು ಒಟ್ಟಿಲು ನೇರ ನಾರಿನ ಸೌದೆಯಷ್ಟೇ ಆದರೆ ಯಂತ್ರವೇ ಬೇಡ. ಭಾರದ ಸೀಳುಕೊಡಲಿ, ಎರಡು ಕಬ್ಬಿಣದ ಬೆಣೆ, ಒಂದು ಸುತ್ತಿಗೆ ಸಾಕು.

ವೇಗದ ವಿಚಾರದಲ್ಲಿ ಜಾಹೀರಾತು ಬಹಳ ಸಲ ಮುಂದೆ ಹೋಗುವ ಸಮಯವನ್ನಷ್ಟೇ ಹೇಳುತ್ತದೆ. ಹಿಂದಕ್ಕೆ ಬರುವುದನ್ನೂ ಸೇರಿಸಿ ಕೇಳಿ. 100 ಮಿ.ಮೀ. ಸಿಲಿಂಡರ್ 60 ಸೆಂ.ಮೀ. ಚಾಚಲು 4.7 ಲೀಟರ್ ಆಯಿಲ್ ಬೇಕು. ನಿಮಿಷಕ್ಕೆ 40 ಲೀಟರಿನ ಪಂಪ್ ಅದನ್ನು 7 ಸೆಕೆಂಡಿನಲ್ಲಿ ತುಂಬುತ್ತದೆ. ಒಳ್ಳೆಯ ಪೆಟ್ರೋಲ್ ಯಂತ್ರಗಳಲ್ಲಿ ಎರಡು ಹಂತದ ಪಂಪ್ ಇರುತ್ತದೆ: ಬೆಣೆ ಮರಕ್ಕೆ ತಾಗುವ ತನಕ ಬಿರುಸಾಗಿ ಓಡಿ, ಮರ ತಡೆದ ಕೂಡಲೇ ನಿಧಾನವಾಗಿ ಪೂರ್ತಿ ಒತ್ತಡ ಹಾಕುತ್ತದೆ. ಇದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆಯಿಲ್ ಬದಲು ತಿರುಗುವ ಭಾರದ ಚಕ್ರದ ರಭಸದಿಂದ ಸೀಳುವ ಫ್ಲೈವೀಲ್ ಯಂತ್ರಗಳು ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತವೆ, ನೇರ ನಾರಿಗೆ ಅವುಗಳ ಮುಂದೆ ಯಾವುದೂ ಇಲ್ಲ. ಗಂಟು ಸಿಕ್ಕರೆ ಮಾತ್ರ ಬೆಣೆ ಕಚ್ಚಿ ನಿಲ್ಲುತ್ತದೆ, ಬೆಲ್ಟ್ ಜಾರುತ್ತದೆ. ಅವುಗಳ ಮೇಲೆ ಬರೆಯುವ 'ಇಷ್ಟು ಟನ್ನಿಗೆ ಸಮ' ಎಂಬ ಮಾತಿಗೆ ಬೆಲೆ ಕೊಡಬೇಡಿ. ಅಲ್ಲಿರುವುದು ಹೊಡೆತ, ಒತ್ತಡವಲ್ಲ.

ನಾಲ್ಕು ಹೋಳು ಮಾಡುವ ಅಡ್ಡಬೆಣೆ ಕಣ್ಣಿಗೆ ಚೆಂದ. ಸಣ್ಣ ಯಂತ್ರಕ್ಕೆ ಹಾಕಿದರೆ ಬಲ ಸಾಲದು.

ಕರೆಂಟ್ ಯಂತ್ರ ಬೇಗ ಹಾಳಾಗುವುದಕ್ಕೆ ಕಾರಣ ಹೆಚ್ಚಾಗಿ ಮೂರು. ಮೊದಲನೆಯದು ಏರ್ ಸ್ಕ್ರೂ. ಅಡ್ಡವಾಗಿ ಮಲಗಿಸಿ ಬಳಸುವ ಸಣ್ಣ ಮಾದರಿಗಳಲ್ಲಿ ಆಯಿಲ್ ಟ್ಯಾಂಕಿನ ತುದಿಗೆ ಇರುತ್ತದೆ. ಕೆಲಸ ಶುರುಮಾಡುವ ಮೊದಲು ಗಾಳಿ ಸಲೀಸಾಗಿ ಆಡುವಷ್ಟು ಸಡಿಲಿಸಬೇಕು, ಸಾಗಿಸುವಾಗ ಬಿಗಿಯಬೇಕು. ಸಡಿಲಿಸಲು ಮರೆತರೆ ಒಳಗೆ ಸಿಕ್ಕ ಗಾಳಿ ಅದುಮಿಕೊಂಡು ಸೀಲ್ ಹರಿಯುತ್ತದೆ. ಎರಡನೆಯದು ತೆಳು ಎಕ್ಸ್‌ಟೆನ್ಷನ್ ವೈರ್. 2 ಕಿಲೋವ್ಯಾಟ್ ಮೋಟಾರಿಗೆ 2.5 ಚದರ ಮಿ.ಮೀ. ತಂತಿ ಬೇಕು, ಸುರುಳಿಯನ್ನು ಪೂರ್ತಿ ಬಿಚ್ಚಿರಬೇಕು. ಇಲ್ಲವಾದರೆ ವೋಲ್ಟೇಜ್ ಬಿದ್ದು ಮೋಟಾರ್ ಕಾಯುತ್ತದೆ. ಮೂರನೆಯದು ಹಠ. ತುಂಡು ಸೀಳದೆ ನಿಂತಾಗ 5 ಸೆಕೆಂಡಿಗಿಂತ ಹೆಚ್ಚು ಲಿವರ್ ಒತ್ತಿ ಹಿಡಿಯಬಾರದು. ಬಿಟ್ಟು, ತುಂಡನ್ನು ತಿರುಗಿಸಿ, ಗಂಟಿಲ್ಲದ ತುದಿಯಿಂದ ಮತ್ತೆ ಕೊಡಿ.

ಆಯಿಲ್ ಹೆಚ್ಚಾಗಿ ಐಎಸ್ಒ ವಿಜಿ 32 ಅಥವಾ 46 (ಆಯಿಲ್ ಎಷ್ಟು ಮಂದ ಎಂದು ಹೇಳುವ ದರ್ಜೆ). ಯಾವುದೆಂದು ಯಂತ್ರದ ಪುಸ್ತಕದಲ್ಲಿ ನೋಡಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ನೊರೆಯಾಗಿದ್ದರೆ ಗಾಳಿ ಎಳೆಯುತ್ತಿದೆ.

ಕೊಳ್ಳುವ ಮುನ್ನ ಕೈಯಾರೆ ಪರೀಕ್ಷಿಸಬೇಕಾದ್ದು ಎರಡು ಕೈಯ ಹಿಡಿತ. ಒಂದು ಕೈ ಬಿಟ್ಟ ಕ್ಷಣವೇ ಬೆಣೆ ಅಥವಾ ತಳ್ಳುಫಲಕ ಮುಂದೆ ಹೋಗುವುದು ನಿಲ್ಲಬೇಕು. ಯುರೋಪಿನಲ್ಲಿ ಬೆಣೆಯ ಯಂತ್ರಗಳಿಗೆಂದೇ ಇಎನ್ 609-1 ಎಂಬ ಸುರಕ್ಷತಾ ಮಾನದಂಡವಿದೆ. ಆ ಗುರುತಿದ್ದರೆ ಒಳ್ಳೆಯದು. ಆಮೇಲೆ ಯಂತ್ರದ ತೊಲೆಗೆ ಅದರ ತುದಿಯ ಫಲಕ (ತುಂಡು ಒರಗುವ ಕಡೆಯದು) ಅಥವಾ ಬೆಣೆ ಕೂಡುವ ಜಾಗದ ವೆಲ್ಡಿಂಗ್ ನೋಡಿ. ಪೂರ್ತಿ ಬಲ ಬೀಳುವುದು ಅಲ್ಲೇ, ಬಿರುಕು ಬಿಡುವುದೂ ಅಲ್ಲೇ.

ಓರೆಯಾಗಿ ಕೊಯ್ದ ತುಂಡು ಒತ್ತಡ ಬಿದ್ದಾಗ ಪಕ್ಕಕ್ಕೆ ಸಿಡಿಯುತ್ತದೆ, ಆದ್ದರಿಂದ ಎರಡೂ ತುದಿ ಸಮವಾಗಿರಲಿ. ಡ್ರಿಲ್ಲಿಗೋ ಹಳೆಯ ಮೋಟಾರಿಗೋ ಸಿಕ್ಕಿಸುವ ತಿರುಪಿನ ಬೆಣೆ ಅಗ್ಗಕ್ಕೆ ಸಿಗುತ್ತದೆ. ಗ್ಲೌಸ್ ತುದಿ ತಾಗಿದರೆ ಕೈಯನ್ನೂ ಜೊತೆಗೆ ಸುತ್ತಿಕೊಳ್ಳುತ್ತದೆ, ಅದರ ಗೋಜಿಗೆ ಹೋಗಬೇಡಿ. ಹೋಸ್ ಸೋರುತ್ತಿದೆ ಎನ್ನಿಸಿದರೆ ಬೆರಳಿಟ್ಟು ಹುಡುಕಬಾರದು. 200 ಬಾರ್‌ನಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ, ಕಲೆ ಬಿದ್ದಲ್ಲಿ ಸೋರಿಕೆ.