ಸಿರಿಂಜ್ ಕ್ರೇನಿಗೆ ದಯವಿಟ್ಟು ಎಣ್ಣೆ ತುಂಬಿಸಬೇಡಿ

ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಹೈಡ್ರಾಲಿಕ್ ಕ್ರೇನಿನ, ಅಂದರೆ ಸಿರಿಂಜಿನೊಳಗಿನ ದ್ರವದ ಒತ್ತಡದಿಂದ ಆಡುವ ಪುಟ್ಟ ಕ್ರೇನಿನ ಕಿಟ್ ತರಿಸುವ ಯೋಚನೆ ಇದ್ದರೆ ಇದನ್ನು ಓದಿ. ಡಬ್ಬಿಯೊಳಗೆ ಪುಟ್ಟದೊಂದು ಎಣ್ಣೆ ಬಾಟಲಿ ಕಂಡರೆ ಮೊದಲು ಅದನ್ನು ತೆಗೆದು ಪಕ್ಕಕ್ಕಿಡಿ. ನಮ್ಮ ಕಿಟ್ಟಿನ ಎಣ್ಣೆ ಮಗಳ ಕಣ್ಣಿಗೆ ಚಿಮ್ಮಿತು. ಕಣ್ಣಿಗೇನೂ ಆಗಲಿಲ್ಲ, ಈಗ ಚೆನ್ನಾಗಿದ್ದಾಳೆ. ಆದರೆ ಆ ಕಿಟ್ ಈಗಲೂ ಹಾಗೇ ಮಾರಾಟವಾಗುತ್ತಿದೆ.

ಪ್ಲೈವುಡ್ ತುಂಡುಗಳು, ಸಿರಿಂಜುಗಳು, ಪಾರದರ್ಶಕ ಪೈಪು, ಎಣ್ಣೆ, ಒಂದು ಸೂಚನೆಯ ಹಾಳೆ. ಇಷ್ಟೇ ಕಿಟ್. ಎರಡು ಸಿರಿಂಜುಗಳನ್ನು ಪೈಪಿನಿಂದ ಜೋಡಿಸಿ ದ್ರವ ತುಂಬಿಸಿದರೆ, ಕೈಯಲ್ಲಿರುವ ಸಿರಿಂಜನ್ನು ಒತ್ತಿದಾಗ ಅಥವಾ ಎಳೆದಾಗ ಇನ್ನೊಂದು ಸಿರಿಂಜ್ ಕ್ರೇನಿನ ತೋಳನ್ನು ಆಡಿಸುತ್ತದೆ. ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು: ನಿಜವಾದ ಕ್ರೇನಿನಲ್ಲಿ ಇರುವುದು ಎಣ್ಣೆ, ನೀರಿಗಿಂತ ಎಣ್ಣೆಗೆ ಜಾಸ್ತಿ ಶಕ್ತಿ. ಓದಿದರೆ ಯಾರಾದರೂ ನಂಬುತ್ತಾರೆ.

ತುಂಬಿಸಿದ ದಿನ ಕ್ರೇನ್ ಬೆಣ್ಣೆಯಂತೆ ಓಡಿತು. ಮಾರುವವರ ವಿಡಿಯೋದಲ್ಲಿ ನೀವು ನೋಡುವುದೂ ಇದೇ ಮೊದಲ ದಿನದ ಓಟ. ಆಮೇಲೆ ದಿನದಿಂದ ದಿನಕ್ಕೆ ಪ್ಲಂಜರ್, ಅಂದರೆ ಸಿರಿಂಜಿನೊಳಗೆ ಒತ್ತುವ ಕಡ್ಡಿ, ಬಿಗಿಯಾಗುತ್ತಾ ಹೋಯಿತು. ಪ್ರದರ್ಶನದ ಹಿಂದಿನ ಸಂಜೆ ಮಗಳು ಅಭ್ಯಾಸ ಮಾಡುತ್ತಿದ್ದಾಗ ತೋಳು ಅರ್ಧಕ್ಕೇ ನಿಂತುಬಿಟ್ಟಿತು. ಅವಳು ಸಿರಿಂಜನ್ನು ಮೇಜಿಗೆ ಒತ್ತಿ, ಎರಡೂ ಕೈಯಿಂದ ದೂಡಿದಳು. ಪೈಪು ಸಿರಿಂಜಿನ ತುದಿಯಿಂದ ಕಿತ್ತು ಬಂತು. ಎಣ್ಣೆ ನೇರ ಮುಖಕ್ಕೆ. ಹರಿಯುವ ನಲ್ಲಿ ನೀರಿನಲ್ಲಿ ಕಾಲು ಗಂಟೆ ಕಣ್ಣು ತೊಳೆಸಿ ಕಣ್ಣಿನ ವೈದ್ಯರ ಹತ್ತಿರ ಓಡಿದೆವು. ಎರಡು ದಿನ ಕೆಂಪಗಿತ್ತು, ಅಷ್ಟೇ.

ಮಾರಿದವರಿಗೆ ದೂರು ಕೊಟ್ಟರೆ ಬಂದ ಉತ್ತರ: ಮಗು ಜಾಸ್ತಿ ಒತ್ತಿದೆ, ಮೆಲ್ಲಗೆ ಒತ್ತಬೇಕಿತ್ತು. ಬಿಚ್ಚಿದ ಕಿಟ್ ವಾಪಸ್ ತಗೊಳ್ಳೋದಿಲ್ಲ. ಒತ್ತುವುದಕ್ಕೇ ಮಾಡಿದ ಆಟಿಕೆಯನ್ನು ಮಗು ಒತ್ತದೆ ಇನ್ನೇನು ಮಾಡಬೇಕು?

ಆಗಿದ್ದು ಏನು ಅಂತ ಆಮೇಲೆ ಸಿರಿಂಜ್ ಬಿಚ್ಚಿದಾಗ ಗೊತ್ತಾಯಿತು. ಪ್ಲಂಜರಿನ ತುದಿಯ ಕಪ್ಪು ರಬ್ಬರ್ ಬಿರಡೆ ಎಣ್ಣೆ ಹೀರಿ ಊದಿಕೊಂಡಿತ್ತು. ಹೊಸ ಸಿರಿಂಜಿನ ಬಿರಡೆ ಪಕ್ಕಕ್ಕಿಟ್ಟರೆ ಕಣ್ಣಿಗೇ ಕಾಣುವಷ್ಟು ವ್ಯತ್ಯಾಸ. ಸಿರಿಂಜಿನ ರಬ್ಬರನ್ನು ನೀರಿನಂಥ ಔಷಧಿಗಳಿಗೆ ಅಂತ ಮಾಡಿರುತ್ತಾರೆ. ಮೆಷಿನ್ ಎಣ್ಣೆ ಅದರ ಶತ್ರು. ಅಡುಗೆ ಎಣ್ಣೆಯೂ ಅಷ್ಟೇ, ಸ್ವಲ್ಪ ನಿಧಾನ. ನಿಜವಾದ ಕ್ರೇನಿನಲ್ಲಿ ಬಿರಡೆಯ ಜಾಗದಲ್ಲಿ ಎಣ್ಣೆಗೆ ಹಾಳಾಗದ ಬೇರೆ ಜಾತಿಯ ಸೀಲ್ ಇರುತ್ತದೆ. ಎಣ್ಣೆಯನ್ನು ಅಲ್ಲಿ ಹಾಕುವುದು ತುಕ್ಕು ಹಿಡಿಯಬಾರದು, ಸವೆಯಬಾರದು ಅಂತ.

ತೋಳಿನ ಕಡೆಯ ಬಿರಡೆ ಸಿಕ್ಕಿಕೊಂಡಿರುವಾಗ ಈ ಕಡೆಯಿಂದ ಒತ್ತಿದರೆ ದ್ರವದ ಒತ್ತಡ ಏರುತ್ತಲೇ ಹೋಗುತ್ತದೆ. ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ, ಪಾಸ್ಕಲ್ ನಿಯಮ ಹೇಳುವುದೂ ಅದನ್ನೇ. ಕೊನೆಗೆ ಬಿಟ್ಟುಕೊಡುವುದು ಎಲ್ಲಕ್ಕಿಂತ ದುರ್ಬಲವಾದ ಜಾಗ. ನಮ್ಮಲ್ಲಿ ಅದು ಪೈಪಿನ ಬಾಯಿ.

ಇನ್ನು ಆ 'ಜಾಸ್ತಿ ಶಕ್ತಿ'ಯ ಮಾತು ಶುದ್ಧ ಸುಳ್ಳು. ಬಲ ಹೆಚ್ಚುವುದು ಸಿರಿಂಜಿನ ಅಗಲದಿಂದ. 5 ಮಿ.ಲೀ. ಸಿರಿಂಜಿನಿಂದ ಒತ್ತಿ 20 ಮಿ.ಲೀ. ಸಿರಿಂಜನ್ನು ನಡೆಸಿದರೆ ಬಲ ಸುಮಾರು ಎರಡೂವರೆ ಪಟ್ಟು ಸಿಗುತ್ತದೆ, ಚಲನೆ ಅಷ್ಟೇ ಪಟ್ಟು ಕಡಿಮೆಯಾಗುತ್ತದೆ. ಒಳಗೆ ನೀರಿದ್ದರೂ ಇದೇ ಲೆಕ್ಕ, ಎಣ್ಣೆಯಿದ್ದರೂ ಇದೇ. ನಿಜವಾದ ಕ್ರೇನ್ ಅಂದರೆ ಎಣ್ಣೆಯೇ ಅನ್ನುವವರಿಗೆ ಇನ್ನೊಂದು ಮಾತು: 1840ರ ದಶಕದಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರಿನಲ್ಲಿ ನಿಲ್ಲಿಸಿದ ಹೈಡ್ರಾಲಿಕ್ ಕ್ರೇನ್ ಓಡಿದ್ದು ಊರಿಗೆ ಬರುವ ಕೊಳಾಯಿ ನೀರಿನ ಒತ್ತಡದಿಂದ.

ಪೈಪಿನದ್ದೂ ಸ್ವಲ್ಪ ಹೇಳಬೇಕು. ಕಿಟ್ಟಿನ ಪೈಪು ಸಿರಿಂಜಿನ ತುದಿಗಿಂತ ಸಡಿಲವಾಗಿತ್ತು, ಅಂಟು ಗನ್ನಿನಿಂದ ಮುಚ್ಚಿ ಅಂತ ಹಾಳೆಯಲ್ಲಿ ಬರೆದಿದ್ದರು. ಸಿರಿಂಜಿನ ಕೊಳವೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಬಿಸಿ ಅಂಟು ಅದರ ಮೇಲೆ ನೆಟ್ಟಗೆ ಹಿಡಿಯುವುದಿಲ್ಲ, ಉಗುರಿನಿಂದ ಎಬ್ಬಿದರೆ ಸಿಪ್ಪೆಯಾಗಿ ಬರುತ್ತದೆ. ಸಿರಿಂಜಿನ ತುದಿಯ ದಪ್ಪ ಸುಮಾರು 4 ಮಿ.ಮೀ. ಇರುತ್ತದೆ. ಅದಕ್ಕಿಂತ ಸ್ವಲ್ಪ ಸಣ್ಣ ಬಾಯಿಯ ಮೆತ್ತನೆ ಪೈಪು ತಂದು, ಪೈಪಿನ ಬಾಯಿಯನ್ನು ಬಿಸಿನೀರಿನಲ್ಲಿ ಅದ್ದಿ, ಸಿರಿಂಜಿನ ತುದಿಯನ್ನು ಅದರೊಳಗೆ ದೂಡಿ, ಮೇಲೆ ಕೇಬಲ್ ಟೈ (ಪ್ಲಾಸ್ಟಿಕ್ ಕಟ್ಟುಪಟ್ಟಿ) ಬಿಗಿದರೆ ಅಲ್ಲಾಡುವುದಿಲ್ಲ. ಸಿರಿಂಜನ್ನು ಮರಕ್ಕೆ ಕಟ್ಟುವುದಕ್ಕೂ ಕೇಬಲ್ ಟೈ ಸಾಕು. ಸುಮ್ನೆ ಮಗುವಿನ ಕೈಗೆ ಅಂಟು ಗನ್ ಯಾಕೆ?

ಕ್ಲಿನಿಕ್ಕಿನ ಹಳೆ ಸಿರಿಂಜ್ ತೊಳೆದು ಬಳಸಿದರೆ ಆಗಲ್ವಾ ಅಂತ ಪರಿಚಯದವರೊಬ್ಬರು ಕೇಳಿದರು. ಖಂಡಿತ ಬೇಡ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಿರುತ್ತದೆ. ಪ್ಯಾಕ್ ಒಡೆಯದ ಹೊಸ ಸಿರಿಂಜ್ ತನ್ನಿ. ಸೂಜಿ ಜೊತೆಗೆ ಬಂದಿದ್ದರೆ ಮಗುವಿನ ಕೈಗೆ ಸಿಗುವ ಮೊದಲೇ ತೆಗೆದುಬಿಡಿ.

ನಮ್ಮ ಕ್ರೇನನ್ನು ರಾತ್ರೋರಾತ್ರಿ ಹೊಸ ಸಿರಿಂಜ್, ಹೊಸ ಪೈಪು, ನೀರು ಹಾಕಿ ಮತ್ತೆ ಜೋಡಿಸಿದೆವು. ಕಿಟ್ಟಿನಲ್ಲಿ ಉಳಿದದ್ದು ಪ್ಲೈವುಡ್ ಮಾತ್ರ. ಆಗ ಅದರ ಇನ್ನೊಂದು ಹುಳುಕು ಕಣ್ಣಿಗೆ ಬಿತ್ತು. ಪ್ಲಂಜರನ್ನು ಹಿಂದಕ್ಕೆ ಎಳೆದರೆ ತೋಳು ಏಳುವ ಹಾಗೆ ವಿನ್ಯಾಸ ಮಾಡಿದ್ದರು. ಎಳೆತದಲ್ಲಿ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತಡ, ಅದಕ್ಕೆ ಮಿತಿ ಇದೆ. ಜೊತೆಗೆ ಪೈಪಿನ ಬಾಯಿಯ ಸಂದಿಯಿಂದ ಗಾಳಿ ಒಳಗೆ ನುಸುಳುತ್ತದೆ. ತೋಳು ಏಳುವುದು ತಳ್ಳಿದಾಗ, ಇಳಿಯುವುದು ಎಳೆದಾಗ ಇರಬೇಕು. ಸಿರಿಂಜನ್ನು ತೋಳಿನ ಕೆಳಗೆ ಸರಿಸಿದ ಮೇಲೆ ಹುಕ್ಕು ಸಲೀಸಾಗಿ ಭಾರ ಎತ್ತಿತು.

ನೀರು ತುಂಬಿಸುವಾಗ ಎರಡೂ ಸಿರಿಂಜ್ ಮತ್ತು ಪೈಪನ್ನು ಬಕೆಟ್ಟಿನಲ್ಲಿ ಮುಳುಗಿಸಿಯೇ ಜೋಡಿಸಿ. ಆಮೇಲೆ ಒಂದು ಪ್ಲಂಜರ್ ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಮೆಲ್ಲಗೆ ಒತ್ತಿ. ಸ್ಪ್ರಿಂಗಿನ ಥರ ಒಳಗೆ ಹೋಗಿ ವಾಪಸ್ ಬಂದರೆ ಗಾಳಿ ಉಳಿದಿದೆ, ಮತ್ತೆ ತುಂಬಿಸಿ.

ಈಗಾಗಲೇ ಎಣ್ಣೆ ಹಾಕಿದ್ದರೆ ಸೋಪು ನೀರಿನಿಂದ ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ನಾವು ತೊಳೆದು ಒಣಗಿಸಿಟ್ಟ ಬಿರಡೆಗಳು ವಾರ ಕಳೆದರೂ ಊದಿಕೊಂಡೇ ಇವೆ. ಸಿರಿಂಜ್ ಎಸೆದು ಹೊಸದು ತನ್ನಿ. ಪೈಪಿನ ಬಾಯಿಗೆ ಎಣ್ಣೆಯ ಜಿಡ್ಡು ಹತ್ತಿದ್ದರೆ ಅಷ್ಟುದ್ದ ಕತ್ತರಿಸಿ ಹಾಕಿ. ಇಲ್ಲದಿದ್ದರೆ ಅದು ಮತ್ತೆ ಅಲ್ಲೇ ಜಾರುತ್ತದೆ.