ಐಯೆಲ್ಟ್ಸ್ ಎರಡು ಸಲ, ಓಇಟಿ ಎರಡು ಸಲ: ಒಬ್ಬ ವಾರ್ಡ್ ನರ್ಸಿನ ಲೆಕ್ಕ

"ಒಟ್ಟು 7 ಬಂದಿದೆಯಲ್ಲ, ಮತ್ತೇನು ತೊಂದರೆ?" ಅಂತ ಅಪ್ಪ ಫೋನಿನಲ್ಲಿ ಕೇಳಿದರು. ಬ್ರಿಟನ್ನಿಗೆ ನರ್ಸ್ ಆಗಿ ಹೋಗಲು ಬರೆದ ಐಯೆಲ್ಟ್ಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಬಂದಿದ್ದು ನಿಜ. ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 6.5, ರೈಟಿಂಗ್ 6. ಕೂಡಿಸಿ ನಾಲ್ಕರಿಂದ ಭಾಗಿಸಿದರೆ 6.75. ಅದನ್ನು ಮೇಲಕ್ಕೆ ಏರಿಸಿ 7 ಅಂತ ಕೊಡುತ್ತಾರೆ. ಆದರೆ ಬ್ರಿಟನ್ನಿನಲ್ಲಿ ನರ್ಸ್‌ಗಳಿಗೆ ರಿಜಿಸ್ಟ್ರೇಶನ್ ಕೊಡುವ ಎನ್‌ಎಂಸಿಗೆ ಒಟ್ಟು ಅಂಕವೊಂದೇ ಸಾಲದು. ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲಿ ತಲಾ 7 ಇರಲೇಬೇಕು. "ಒಟ್ಟು ಫಸ್ಟ್ ಕ್ಲಾಸ್ ಬಂದು ಗಣಿತದಲ್ಲಿ ಫೇಲ್ ಆದ ಹಾಗೆ ಅಪ್ಪ" ಅಂದೆ. ಅವರಿಗೆ ತಕ್ಷಣ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಾದರು.

ನಾನು ಹಾಸನ ಜಿಲ್ಲೆಯ ಕಡೆಯವಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಆಮೇಲೆ ಬಿಎಸ್ಸಿ ನರ್ಸಿಂಗ್, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪರೀಕ್ಷೆ, ಎಲ್ಲ ಇಂಗ್ಲಿಷಿನಲ್ಲೇ. ನಂತರ ಐದು ವರ್ಷ ಬೆಂಗಳೂರಿನ ಒಂದು ಸರ್ಜಿಕಲ್ ವಾರ್ಡ್. 2022ರಲ್ಲಿ ಎರಡು ಸಲ ಐಯೆಲ್ಟ್ಸ್ ಅಕಾಡೆಮಿಕ್ ಬರೆದೆ, 2023ರಲ್ಲಿ ಎರಡು ಸಲ ಓಇಟಿ. ವಾರ್ಡಿನ ಹುಡುಗಿಯರು ಯಾವುದು ಈಸಿ ಅಂತ ಈಗಲೂ ಮೆಸೇಜ್ ಮಾಡಿ ಕೇಳುತ್ತಾರೆ. ಓಇಟಿ ಈಸಿ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ನನ್ನ ಪ್ರಕಾರ ಅದು ಸುಳ್ಳು. ಎರಡರ ಮಟ್ಟ ಒಂದೇ. ಆದರೆ ಎಡವುವ ಜಾಗ ಬೇರೆ ಬೇರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಐಯೆಲ್ಟ್ಸ್ ಎಲ್ಲರಿಗೂ ಇರುವ ಪರೀಕ್ಷೆ. ಎಂಎಸ್ ಓದಲು ಹೊರಟ ಎಂಜಿನಿಯರ್ ಹುಡುಗನೂ ಅದೇ ಅಕಾಡೆಮಿಕ್ ಪರೀಕ್ಷೆ ಬರೆಯುತ್ತಾನೆ, ನಾನೂ ಅದನ್ನೇ ಬರೆದೆ. ಓಇಟಿ ಆಸ್ಪತ್ರೆಯವರಿಗೆ ಮಾತ್ರ. ಡಾಕ್ಟರು, ನರ್ಸು, ಫಾರ್ಮಸಿ, ಫಿಸಿಯೋಥೆರಪಿ ಹೀಗೆ ಹನ್ನೆರಡು ವೃತ್ತಿಗಳಿಗೆ. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಅದರ ಅಂಕ 0ಯಿಂದ 500. 350 ಬಂದರೆ ಬಿ ಗ್ರೇಡ್. ಎನ್‌ಎಂಸಿಗೆ ಮೂರು ವಿಭಾಗದಲ್ಲಿ 350, ರೈಟಿಂಗ್‌ಗೆ 300 ಸಾಕು.

ರೈಟಿಂಗ್‌ನಿಂದಲೇ ಶುರು ಮಾಡುತ್ತೇನೆ. ನಾನು ಬಿದ್ದದ್ದೂ ಅಲ್ಲೇ, ಎದ್ದದ್ದೂ ಅಲ್ಲೇ.

ಐಯೆಲ್ಟ್ಸ್‌ನಲ್ಲಿ ಒಂದು ಗಂಟೆಗೆ ಎರಡು ಬರಹ. ಮೊದಲನೆಯದು ಗ್ರಾಫೋ ಚಾರ್ಟೋ ನೋಡಿ 150 ಪದ. ಎರಡನೆಯದು 250 ಪದದ ಪ್ರಬಂಧ. ಅಂಕದಲ್ಲಿ ಪ್ರಬಂಧದ ತೂಕ ಎರಡು ಪಟ್ಟು. ಗ್ರಾಫ್ ಹೇಗೋ ಬಂತು. ರೋಗಿಯ ಜ್ವರ, ನಾಡಿ, ಉಸಿರು ಗುರುತು ಹಾಕುವ ಟಿಪಿಆರ್ ಚಾರ್ಟ್ ದಿನಾ ನೋಡುವವರಿಗೆ ಏರಿತು, ಇಳಿಯಿತು, ಹಾಗೇ ನಿಂತಿತು ಅಂತ ಬರೆಯುವುದು ಕಷ್ಟವಲ್ಲ. ಪ್ರಬಂಧ ಮಾತ್ರ ನನ್ನನ್ನು ಹಿಂಡಿಬಿಟ್ಟಿತು. ಅಭ್ಯಾಸಕ್ಕೆ ತೆಗೆದುಕೊಂಡ ಒಂದು ಪ್ರಶ್ನೆ ಇನ್ನೂ ನೆನಪಿದೆ: ನಗರದ ಒಳಗೆ ಖಾಸಗಿ ಕಾರು ಬಿಡಬಾರದು, ಇದನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ನಿಂತು ಬಂದವಳು ನಾನು. ಕಾರಿನ ಬಗ್ಗೆ ನನಗೆ ಎಂಥ ಅಭಿಪ್ರಾಯ? ಒಪ್ಪುತ್ತೇನೆ ಅಂತ ಒಂದು ಸಾಲು ಬರೆದೆ. ಹೊಗೆ ಕಡಿಮೆಯಾಗುತ್ತದೆ ಅಂತ ಇನ್ನೊಂದು. ಅಲ್ಲಿಗೆ ನನ್ನ ಸರಕು ಖಾಲಿ.

ಅಭಿಪ್ರಾಯ ಇಲ್ಲದಿರುವುದು ನಿಜವಾದ ತೊಂದರೆ ಅಲ್ಲ ಅಂತ ಆಮೇಲೆ ತಿಳಿಯಿತು. ಇರುವ ಒಂದು ಮಾತನ್ನು ಹಿಗ್ಗಿಸಿ, ಕಾರಣ ಕೊಟ್ಟು, ಉದಾಹರಣೆ ಜೋಡಿಸಿ ಒಂದು ಪ್ಯಾರಾ ಮಾಡುವುದು ನನಗೆ ಬರುತ್ತಿರಲಿಲ್ಲ. ನರ್ಸಿಂಗ್ ಪರೀಕ್ಷೆಯಲ್ಲಿ ನಾವು ಬರೆದದ್ದೆಲ್ಲ ಪಾಯಿಂಟ್ಸ್ ಅಲ್ವಾ? ಡೆಫಿನಿಶನ್, ಕಾಸಸ್, ಸೈನ್ಸ್ ಅಂಡ್ ಸಿಂಪ್ಟಮ್ಸ್, ನರ್ಸಿಂಗ್ ಮ್ಯಾನೇಜ್‌ಮೆಂಟ್. ಅಂಡರ್‌ಲೈನ್ ಎಳೆದರೆ ಅಂಕ. ಎರಡನೇ ಸಲಕ್ಕೆ ಕೋಚಿಂಗ್ ಸೇರಿದೆ. ಅವರು ಒಂದು ಅಚ್ಚು ಕೊಟ್ಟರು, "ಇಂದಿನ ಆಧುನಿಕ ಜಗತ್ತಿನಲ್ಲಿ" ಅಂತ ಶುರುವಾಗುವ ಥರದ್ದು. ಇಡೀ ಬ್ಯಾಚ್ ಅದನ್ನೇ ಬಾಯಿಪಾಠ ಮಾಡಿತು. ನಾನೂ ಮಾಡಿದೆ. ಸ್ಪೀಕಿಂಗ್ 7ಕ್ಕೆ ಏರಿತು, ರೀಡಿಂಗ್ 7.5 ಆಯಿತು. ರೈಟಿಂಗ್ ಮತ್ತೆ 6.

ಓಇಟಿಯಲ್ಲಿ 45 ನಿಮಿಷ. ಮೊದಲ ಐದು ನಿಮಿಷ ಓದುವುದಕ್ಕೆ ಮಾತ್ರ, ಪೆನ್ನು ಮುಟ್ಟುವಂತಿಲ್ಲ. ಒಬ್ಬ ರೋಗಿಯ ಕೇಸ್ ನೋಟ್ಸ್ ಕೊಡುತ್ತಾರೆ. ಅದನ್ನು ಓದಿ ಮುಂದೆ ನೋಡಿಕೊಳ್ಳುವವರಿಗೆ ಒಂದು ಪತ್ರ ಬರೆಯಬೇಕು, 180ರಿಂದ 200 ಪದ. ಇದು ನಮ್ಮದೇ ಕೆಲಸ ಅಂತ ಖುಷಿಯಾಯಿತು. ಆ ಖುಷಿಯೇ ಹಳ್ಳ.

ನನ್ನ ಮೊದಲ ಅಭ್ಯಾಸ ಪತ್ರದ ಕತೆ ಕೇಳಿ. ಸೊಂಟದ ಕೀಲು ಬದಲಿಸಿದ ಒಬ್ಬ ಅಜ್ಜ, ಒಬ್ಬನೇ ಇರುವವನು, ಮನೆಗೆ ಹೊರಟಿದ್ದಾನೆ. ಮನೆಗೆ ಬಂದು ನೋಡುವ ಕಮ್ಯುನಿಟಿ ನರ್ಸ್‌ಗೆ ಪತ್ರ ಬರೆಯಬೇಕು. ನಾನು ನೋಟ್ಸ್‌ನಲ್ಲಿ ಇದ್ದದ್ದನ್ನೆಲ್ಲ ತುಂಬಿದೆ. ಚಿಕ್ಕಂದಿನಲ್ಲಿ ಟಾನ್ಸಿಲ್ ತೆಗೆಸಿದ್ದು, ಅಡ್ಮಿಶನ್ ದಿನದ ಬಿಪಿ, ಆಪರೇಶನ್ ಎಷ್ಟು ಹೊತ್ತು ಆಯಿತು, ಎಲ್ಲ. ಅವನ ಮನೆಯಲ್ಲಿ ನಾಯಿ ಇದೆ ಅನ್ನುವುದನ್ನು ಮಾತ್ರ ಇದೆಂಥದ್ದು ಅಂತ ಬಿಟ್ಟೆ. ಹೇಳಿಕೊಡುತ್ತಿದ್ದ ಮೇಡಂ ಟಾನ್ಸಿಲ್‌ಗೆ ಕೆಂಪು ಗೆರೆ ಎಳೆದರು, ಬಿಪಿಗೂ ಎಳೆದರು. ಆಮೇಲೆ ಕೇಳಿದರು, "ನಾಯಿ ಎಲ್ಲಿ? ವಾಕರ್ ಹಿಡಿದು ನಡೆಯುವ ಮುದುಕನ ಕಾಲಿಗೆ ಅದು ಅಡ್ಡ ಬಂದರೆ?"

ಅವತ್ತು ನನಗೆ ಓಇಟಿ ಅರ್ಥವಾಯಿತು. ಓದುವವರಿಗೆ ಏನು ಬೇಕು ಅನ್ನುವುದನ್ನೇ ಅದು ಅಳೆಯುತ್ತದೆ. ಪತ್ರ ಯಾಕೆ ಬರೆದದ್ದು ಅನ್ನುವುದು ಮೊದಲ ಪ್ಯಾರಾದಲ್ಲೇ ಗೊತ್ತಾಗಬೇಕು. ಅದಕ್ಕೆ ಬೇರೆಯಾಗಿ ಮೂರು ಅಂಕ ಇದೆ. ವಿಷಯ, ಚುಟುಕುತನ, ಶೈಲಿ, ಜೋಡಣೆ, ಭಾಷೆ ಇವಕ್ಕೆ ಏಳೇಳು. ಅಂದರೆ ವ್ಯಾಕರಣ ಅಲ್ಲಲ್ಲಿ ಜಾರಿದರೂ ಉಳಿದದ್ದು ಕೈ ಹಿಡಿಯುತ್ತದೆ. ಡ್ಯೂಟಿ ಮುಗಿಸಿ ಮುಂದಿನವರಿಗೆ ಹ್ಯಾಂಡೋವರ್ ಕೊಡುವಾಗ ನಮ್ಮ ಇನ್‌ಚಾರ್ಜ್ ಸಿಸ್ಟರ್ "ಪುರಾಣ ಬೇಡ, ಈಗ ಏನು ನೋಡ್ಬೇಕು ಅದು ಹೇಳು" ಅಂತ ಗದರುತ್ತಿದ್ದರು. ಐದು ವರ್ಷದ ಆ ಬೈಗುಳ ಇಲ್ಲಿ ಅಂಕವಾಯಿತು. ರೈಟಿಂಗ್ 370.

ಸ್ಪೀಕಿಂಗ್‌ನಲ್ಲೂ ಹೆಚ್ಚುಕಡಿಮೆ ಇದೇ ಕತೆ, ಆದರೆ ಒಂದು ತಿರುವು ಇದೆ. ಐಯೆಲ್ಟ್ಸ್‌ನಲ್ಲಿ ಎದುರಿಗೆ ಕೂತವರೇ ಅಂಕ ಹಾಕುವವರು. 11ರಿಂದ 14 ನಿಮಿಷ. ನಡುವೆ ಒಂದು ಕಾರ್ಡ್ ಕೊಟ್ಟು ಒಂದು ನಿಮಿಷ ಯೋಚಿಸಲು ಬಿಡುತ್ತಾರೆ, ಆಮೇಲೆ ಎರಡು ನಿಮಿಷದ ತನಕ ನೀವೊಬ್ಬರೇ ಮಾತಾಡಬೇಕು. ಮೊದಲ ಸಲ ನನ್ನ ಮಾತು ನಲವತ್ತು ಸೆಕೆಂಡಿಗೇ ಮುಗಿಯಿತು. ಉಳಿದ ಹೊತ್ತು ಗೋಡೆ ಗಡಿಯಾರ ನೋಡಿದೆ. ಎರಡನೇ ಸಲಕ್ಕೆ ಉಪಾಯ ಮಾಡಿದೆ. ಯಾವ ಕಾರ್ಡ್ ಬಂದರೂ ಅಜ್ಜಿಯನ್ನು ಎಳೆದು ತರುವುದು. ಮರೆಯಲಾಗದ ಊಟವೇ? ಅಜ್ಜಿ. ಇಷ್ಟದ ಜಾಗವೇ? ಅಜ್ಜಿ ಮನೆ. ನಿಜವಾಗಿ ಕಂಡ ವಿಷಯ ಆದ್ದರಿಂದ ಮಾತು ನಿಲ್ಲಲಿಲ್ಲ.

ಓಇಟಿಯಲ್ಲಿ ಎರಡು ರೋಲ್‌ಪ್ಲೇ, ತಲಾ ಐದು ನಿಮಿಷ. ಎದುರಿಗಿರುವವರು ರೋಗಿ ಅಥವಾ ರೋಗಿಯ ಕಡೆಯವರ ಪಾತ್ರ ಮಾಡುತ್ತಾರೆ. ಅಂಕ ಹಾಕುವವರು ಅವರಲ್ಲ. ರೆಕಾರ್ಡಿಂಗ್ ಬೇರೆಯವರಿಗೆ ಹೋಗುತ್ತದೆ. ನಮ್ಮ ವಾರ್ಡಿನ ಇಂಗ್ಲಿಷ್ ಹೇಗಿರುತ್ತದೆ ಗೊತ್ತಲ್ಲ? "ಪೇನ್ ಈಸ್ ದೇರ್?" "ಮೋಷನ್ ಪಾಸ್ಡ್?" "ಯೆಸ್ಟರ್ಡೇ ಓನ್ಲಿ ಡ್ರೆಸಿಂಗ್ ಡನ್." ಕನ್ನಡದ ಮೇಲೆ ಇಂಗ್ಲಿಷ್ ಕೋಟು ಹಾಕಿದ್ದು. ಇದನ್ನು ತಿದ್ದಿಕೊಳ್ಳಲು ಒಂದು ತಿಂಗಳು ಸಾಕಾಯಿತು.

ತಿದ್ದಲು ಕಷ್ಟವಾದದ್ದು ಇನ್ನೊಂದು. ರೋಗಿ ಹೆದರಿದರೆ ನಾವು ಏನು ಹೇಳುತ್ತೇವೆ? "ಏನೂ ಆಗಲ್ಲ ಬಿಡಿ ಅಮ್ಮ." ಅದನ್ನೇ ಇಂಗ್ಲಿಷಿನಲ್ಲಿ "ಡೋಂಟ್ ವರಿ, ನಥಿಂಗ್ ವಿಲ್ ಹ್ಯಾಪನ್" ಅಂದೆ. ಅಭ್ಯಾಸದಲ್ಲಿ ಪ್ರತಿ ಸಲ ಅಲ್ಲೇ ಅಂಕ ಹೋಯಿತು. ನಮ್ಮೂರಲ್ಲಿ ಅದು ಪ್ರೀತಿಯ ಮಾತು. ಅಲ್ಲಿ ಅದು ಬಾಯಿ ಮುಚ್ಚಿಸುವ ಮಾತು. ನಿಮಗೆ ಯಾವುದು ಹೆದರಿಕೆ ಅಂತ ಮೊದಲು ಕೇಳಬೇಕು, ಅವರು ಹೇಳಿ ಮುಗಿಸುವ ತನಕ ಕಾಯಬೇಕು, ಆಮೇಲೆ ಸಮಾಧಾನ. ರೋಗಿಯ ಕಡೆಯಿಂದ ವಿಷಯ ನೋಡಿದಿರಾ ಅನ್ನುವುದಕ್ಕೆ ಅಲ್ಲಿ ನಿಜಕ್ಕೂ ಅಂಕ ಇದೆ. ಇಂಗ್ಲಿಷ್ ಚೆನ್ನಾಗಿದ್ದ ನಮ್ಮ ಬ್ಯಾಚಿನ ಇಬ್ಬರು ಇಲ್ಲೇ ಜಾರಿದರು. ನನಗೆ 390 ಬಂತು. ಐಯೆಲ್ಟ್ಸ್ ಸ್ಪೀಕಿಂಗ್‌ಗಿಂತ ಇದೇ ನನಗೆ ಇಷ್ಟ. ಅಜ್ಜಿಗೂ ಸ್ವಲ್ಪ ವಿಶ್ರಾಂತಿ.

ರೀಡಿಂಗ್‌ನಲ್ಲಿ ಲೆಕ್ಕ ತಿರುಗಿತು. ಐಯೆಲ್ಟ್ಸ್‌ನಲ್ಲಿ ಒಂದು ಗಂಟೆ, ಮೂರು ಉದ್ದದ ಪಾಠ, 40 ಪ್ರಶ್ನೆ. ಜೇನುಹುಳವೋ, ಹಳೆ ನಾಗರಿಕತೆಯೋ, ಗಾಜಿನ ಇತಿಹಾಸವೋ, ಏನು ಬೇಕಾದರೂ ಬರಬಹುದು. ಅದರ "ಟ್ರೂ, ಫಾಲ್ಸ್, ನಾಟ್ ಗಿವನ್" ತಲೆ ತಿನ್ನುತ್ತದೆ. ಪಾಠ "ಇಲ್ಲ" ಅನ್ನುವುದಕ್ಕೂ ಆ ವಿಷಯವನ್ನೇ ಎತ್ತದೆ ಇರುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಆದರೆ ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳು ಬೇಕಾದಷ್ಟು ಸಿಗುತ್ತವೆ. ಇಪ್ಪತ್ತು ಪತ್ರಿಕೆ ಮಾಡಿದ ಮೇಲೆ ಕೈ ಕೂತಿತು.

ಓಇಟಿ ರೀಡಿಂಗ್‌ನ ಪಾರ್ಟ್ ಎ ಅಂದರೆ 15 ನಿಮಿಷಕ್ಕೆ 20 ಪ್ರಶ್ನೆ. ಒಂದೇ ವಿಷಯದ ಮೇಲೆ ನಾಲ್ಕು ತುಣುಕು ಇರುತ್ತವೆ. ಡೋಸ್ ಟೇಬಲ್ ಒಂದು, ಗೈಡ್‌ಲೈನ್ ಒಂದು, ಹೀಗೆ. 15 ನಿಮಿಷ ಆದ ತಕ್ಷಣ ಪೇಪರ್ ಕಿತ್ತುಕೊಳ್ಳುತ್ತಾರೆ, ಮತ್ತೆ ಕೊಡುವುದಿಲ್ಲ. ಮೊದಲ ಸಲ ನನ್ನದು ಆರು ಪ್ರಶ್ನೆ ಖಾಲಿ ಉಳಿಯಿತು. ಕಾರಣ? ನಾನು ಓದಲು ಕೂತೆ. ಅಲ್ಲಿ ಓದಬಾರದು, ಹುಡುಕಬೇಕು. ಡ್ರಗ್ ಟ್ರಾಲಿಯಲ್ಲಿ ಒಂದು ಆಂಪ್ಯೂಲ್ ಹುಡುಕುವ ಹಾಗೆ. 330 ಬಂತು, 20 ಕಡಿಮೆ.

ಲಿಸನಿಂಗ್ ಬಗ್ಗೆ ಒಂದೇ ಎಚ್ಚರಿಕೆ. ಎರಡರಲ್ಲೂ ಆಡಿಯೋ ಒಂದೇ ಸಲ. ಓಇಟಿಯಲ್ಲಿ ರೋಗಿ ಮಾತಾಡುವುದನ್ನು ಕೇಳಿ ನೋಟ್ಸ್ ತುಂಬಬೇಕು. ನಮಗೆ ರೋಗ ಗೊತ್ತಿರುತ್ತದೆ ಅನ್ನುವುದೇ ಅಪಾಯ. ಶುಗರ್ ಪೇಶೆಂಟ್ ಅಂದ ತಕ್ಷಣ ನನ್ನ ಕೈ "ಮೆಟ್‌ಫಾರ್ಮಿನ್" ಅಂತ ಬರೆದುಬಿಟ್ಟಿತ್ತು. ಅವನು ಹೇಳಿದ್ದು, ಆ ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ, ಅದಕ್ಕೇ ಬಿಟ್ಟೆ ಅಂತ.

ಇನ್ನು ದುಡ್ಡು. ನಾನು ಕಟ್ಟಿದಾಗ ಐಯೆಲ್ಟ್ಸ್ ಹದಿನಾರು ಸಾವಿರದ ಆಸುಪಾಸು. ಓಇಟಿ 587 ಆಸ್ಟ್ರೇಲಿಯನ್ ಡಾಲರ್, ಅಂದರೆ ಮೂವತ್ತು ಸಾವಿರದ ಮೇಲೆ. ನನ್ನ ಆಗಿನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಒಮ್ಮೆ ಸೋತರೆ ಓಇಟಿಯ ಏಟು ಎರಡು ಪಟ್ಟು. ಈಗಿನ ದರ ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಪ್ರಶ್ನೆಪತ್ರಿಕೆ ಮೊದಲೇ ಕೊಡುತ್ತೇವೆ ಅಂತ ಟೆಲಿಗ್ರಾಂನಲ್ಲಿ ಬರುವವರಿಗೆ ಒಂದು ಪೈಸೆಯೂ ಬೇಡ. ನನ್ನ ರೂಮ್‌ಮೇಟ್ ಹಾಗೆ ಹತ್ತು ಸಾವಿರ ಕಳೆದುಕೊಂಡಳು.

ಕೋಚಿಂಗ್ ವಿಷಯದಲ್ಲೂ ವ್ಯತ್ಯಾಸ ಇದೆ. ಐಯೆಲ್ಟ್ಸ್‌ಗೆ ಬೆಂಗಳೂರಿನಲ್ಲಿ ಗಲ್ಲಿಗೊಂದು ಕ್ಲಾಸ್. ಓಇಟಿ ಕ್ಲಾಸ್‌ಗಳು ಹೆಚ್ಚು ಕೇರಳದ ಕಡೆಯವು. ನನ್ನ ಆನ್‌ಲೈನ್ ಬ್ಯಾಚಿನಲ್ಲಿ ಕನ್ನಡದವಳು ನಾನೊಬ್ಬಳೇ. ಡೌಟ್ ಕೇಳಿದರೆ ವಿವರಣೆ ಅರ್ಧ ಇಂಗ್ಲಿಷ್, ಅರ್ಧ ಮಲಯಾಳಂ. ಮೂರು ತಿಂಗಳಲ್ಲಿ ಇಂಗ್ಲಿಷ್ ಎಷ್ಟು ಸುಧಾರಿಸಿತೋ ಗೊತ್ತಿಲ್ಲ, ಮಲಯಾಳಂ ಮಾತ್ರ ಚೆನ್ನಾಗಿ ಬಂತು. ಆದರೆ ಪತ್ರ ತಿದ್ದಿಕೊಟ್ಟ ರೀತಿಗೆ ಕೊಟ್ಟ ದುಡ್ಡು ದಂಡವಾಗಲಿಲ್ಲ. ಕೋಚಿಂಗ್‌ಗೆ ದುಡ್ಡು ಹಾಕುವುದಾದರೆ ರೈಟಿಂಗ್ ಮತ್ತು ಸ್ಪೀಕಿಂಗ್‌ಗೆ ಹಾಕಿ. ಉಳಿದೆರಡು ಮನೆಯಲ್ಲೇ ಆಗುತ್ತದೆ.

ಓಇಟಿ ಎರಡನೇ ಸಲ ರೀಡಿಂಗ್ 360 ಬಂತು, ಲಿಸನಿಂಗ್ 340ಕ್ಕೆ ಇಳಿಯಿತು. ಜೀವ ಬಾಯಿಗೆ ಬಂದಿತ್ತು. ಕೈ ಹಿಡಿದದ್ದು ಕ್ಲಬ್ಬಿಂಗ್. 12 ತಿಂಗಳ ಒಳಗಿನ ಎರಡು ಪರೀಕ್ಷೆಯ ಅಂಕ ಸೇರಿಸಲು ಎನ್‌ಎಂಸಿ ಬಿಡುತ್ತದೆ. ಆದರೆ ಎರಡರಲ್ಲೂ ಯಾವುದೂ ತೀರಾ ಕೆಳಗೆ ಹೋಗಿರಬಾರದು. ಮೊದಲ ಸಲದ ಲಿಸನಿಂಗ್ 350 ಇತ್ತು. ಬಚಾವಾದೆ.

ಹಾಗಾದರೆ ಯಾರಿಗೆ ಯಾವುದು? ನೀವು ಈಗಲೂ ವಾರ್ಡಿನಲ್ಲಿ ಇದ್ದು, ಪ್ರಬಂಧ ಅಂದರೆ ಕೈ ನಡುಗುವವರಾದರೆ ಓಇಟಿ. ನನ್ನ ಅತ್ತೆ ಮಗಳು ಬಾಣಂತನ ಅಂತ ಮೂರು ವರ್ಷ ಡ್ಯೂಟಿ ಬಿಟ್ಟಿದ್ದಳು. ಕಾಲೇಜಿನಲ್ಲಿ ಡಿಬೇಟ್ ಹುಡುಗಿ, ದಿನಾ ಇಂಗ್ಲಿಷ್ ಪೇಪರ್ ಓದುವವಳು. ಅವಳಿಗೆ ಐಯೆಲ್ಟ್ಸ್ ತಗೋ ಅಂದೆ. ಒಂದೇ ಏಟಿಗೆ ಪಾಸಾದಳು, ರೈಟಿಂಗ್ 7. ಕೆನಡಾದ ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿ, ಮನಸ್ಸಿನಲ್ಲಿದ್ದರೆ ಓಇಟಿ ನಡೆಯುವುದಿಲ್ಲ. ಅಲ್ಲಿಗೆ ಐಯೆಲ್ಟ್ಸ್‌ನಲ್ಲೂ ಅಕಾಡೆಮಿಕ್ ಅಲ್ಲ, ಜನರಲ್. ಜರ್ಮನಿಗೆ ಹೊರಟವರು ಇವೆರಡನ್ನೂ ಬಿಟ್ಟು ಜರ್ಮನ್ ಕಲಿಯಲು ಕೂರಿ. ಇನ್ನೂ ಅನುಮಾನ ಇದ್ದರೆ ಎರಡರ ಸ್ಯಾಂಪಲ್ ಪೇಪರ್ ಅವರವರ ವೆಬ್‌ಸೈಟಿನಲ್ಲಿ ಫ್ರೀ ಸಿಗುತ್ತದೆ. ವಾರದ ರಜೆಯ ದಿನ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಗಡಿಯಾರ ಇಟ್ಟುಕೊಂಡು ಬರೆಯಿರಿ. ನಾನು ಇದನ್ನು ಮಾಡಿದ್ದು ಎರಡು ಐಯೆಲ್ಟ್ಸ್ ಫೀಸು ಹೋದ ಮೇಲೆ.

ಬುಕ್ ಮಾಡುವ ಮೊದಲು ಪಾಸ್‌ಪೋರ್ಟ್ ತೆಗೆದು ಎದುರಿಗೆ ಇಟ್ಟುಕೊಳ್ಳಿ. ನಮ್ಮ ಕಡೆ ಇನಿಷಿಯಲ್ ಕತೆ ಗೊತ್ತಲ್ಲ? ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅವೇ ಎರಡಕ್ಷರ ಬಿಡಿಸಿ ಊರು ಮತ್ತು ಅಪ್ಪನ ಹೆಸರು. ಪರೀಕ್ಷೆಗೆ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು ಕೊಡಬೇಕು. ಹೀಗಾಗಿ ನನ್ನ ಓಇಟಿ ರಿಸಲ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ನಮ್ಮೂರಿನ ಹೆಸರು ಕೂತಿದೆ. ಅಪ್ಪ ಅದರ ಪ್ರಿಂಟ್ ತೆಗೆಸಿ ಊರಿನಲ್ಲಿ ಎಲ್ಲರಿಗೂ ತೋರಿಸಿದರು.