ಮನೆ ಬಾಗಿಲಿಗೆ ಬರುವ ಮೆಕ್ಯಾನಿಕ್: ಎಂಜಿಬಿ ಮಾಲೀಕನ ಆರು ವರ್ಷಗಳ ಅನುಭವ

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1972ರಲ್ಲಿ ತಯಾರಾದ ಎಂಜಿಬಿ ರೋಡ್‌ಸ್ಟರ್ ಎಂಬ ತೆರೆದ ಮಾಡಿನ ಸ್ಪೋರ್ಟ್ಸ್ ಕಾರೊಂದನ್ನು ಆ ಊರಿಗೆ ಕೆಲವೇ ಮೈಲಿ ದೂರದ ಡಿಡ್‌ಕಾಟ್‌ನಲ್ಲಿ ಸಾಕುತ್ತಿದ್ದೇನೆ. ಕಾರ್ಖಾನೆ 1980ರಲ್ಲೇ ಮುಚ್ಚಿತು. ಈ ಕಾರಿನ ಮರ್ಮ ಬಲ್ಲವರು ಸುತ್ತಮುತ್ತ ಈಗ ವಿರಳ. ಹಿಂದೆ ನಾನು ಹೋಗುತ್ತಿದ್ದ ಗ್ಯಾರೇಜಿನವರು ಸರ್ವಿಸ್ ಮುಗಿಸಿ ಕೊಟ್ಟ ಮೇಲೆ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಕಾರು ಒಂದು ಕ್ಷಣ ಉಸಿರು ಕಟ್ಟಿದಂತೆ ತಡೆಯುತ್ತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳ ಮೇಲಿನ ಡ್ಯಾಶ್‌ಪಾಟ್ ಎಂಬ ಎಣ್ಣೆಯ ಕೊಳವೆಗಳಿಗೆ ಎಣ್ಣೆಯನ್ನೇ ಹಾಕಿರಲಿಲ್ಲವೆಂದು ಪತ್ತೆ ಮಾಡಿದವರು, ವ್ಯಾನಿನಲ್ಲಿ ಊರೂರು ಸುತ್ತಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನಷ್ಟೇ ರಿಪೇರಿ ಮಾಡುವ ಈ ಮೆಕ್ಯಾನಿಕ್. ಅಂದಿನಿಂದ ಆರು ವರ್ಷಗಳಲ್ಲಿ ಅವರು ಹನ್ನೊಂದು ಬಾರಿ ನಮ್ಮ ಮನೆಗೆ ಬಂದಿದ್ದಾರೆ.

ಒಂದು ಸರ್ವಿಸ್‌ಗೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಎಂಜಿನ್ ತಣ್ಣಗಿರಬೇಕಾದ್ದರಿಂದ, ಹಿಂದಿನ ರಾತ್ರಿಯ ನಂತರ ಕಾರನ್ನು ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ತಿಳಿಸಿರುತ್ತಾರೆ. ಬಂದೊಡನೆ ಎಂಜಿನ್ನಿನ ಮೇಲಿನ ಮುಚ್ಚಳವಾದ ರಾಕರ್ ಕವರ್ ಬಿಚ್ಚಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಿಡಿದು ಎಂಟು ವಾಲ್ವುಗಳ ಟ್ಯಾಪೆಟ್ ಸಂದನ್ನೂ 0.015 ಇಂಚಿಗೆ ಹೊಂದಿಸುತ್ತಾರೆ. ಪೂರ್ತಿ ತೆರೆದ ವಾಲ್ವಿನ ಸಂಖ್ಯೆ ಮತ್ತು ಆಗ ಹೊಂದಿಸಬೇಕಾದ ವಾಲ್ವಿನ ಸಂಖ್ಯೆ ಕೂಡಿದರೆ 9 ಆಗಬೇಕೆಂಬುದು ಇದರ ಲೆಕ್ಕ: ಎಂಟನೆಯದು ತೆರೆದಿದ್ದರೆ ಒಂದನೆಯದು, ಆರನೆಯದು ತೆರೆದಿದ್ದರೆ ಮೂರನೆಯದು. ಹಾಸನದಲ್ಲಿ ನಮ್ಮ ತಂದೆಯವರ ಅಂಬಾಸಿಡರ್‌ಗೆ ಭಾನುವಾರ ಮನೆಗೇ ಬರುತ್ತಿದ್ದ ಮೆಕ್ಯಾನಿಕ್ ಸಾಬರೂ ಬೆರಳೆಣಿಸುತ್ತ ಹೀಗೆಯೇ ಮಾಡುತ್ತಿದ್ದರು. ಆ ಕಾರಿನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬಿ-ಸೀರೀಸ್ ಎಂಬ ಒಂದೇ ವಂಶದವು ಎಂಬುದನ್ನು ನಾನು ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಪ್ಲಗ್, ಪಾಯಿಂಟ್, ಎಣ್ಣೆ ಬದಲಾವಣೆಗಳನ್ನು ಯಾರಾದರೂ ಮಾಡಿಯಾರು. ಈ ಸೇವೆಗೆ ನಾನು ಹಣ ಕೊಡುತ್ತಿರುವುದು ಮುಖ್ಯವಾಗಿ ಕಾರಿನ ಕೆಳಭಾಗದ ತಪಾಸಣೆಗಾಗಿ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, ಗಣನೀಯವಾಗಿ ಮಾರ್ಪಡಿಸದ ನಲವತ್ತು ವರ್ಷ ಮೀರಿದ ಕಾರುಗಳಿಗೆ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ಪರೀಕ್ಷೆ ಕಡ್ಡಾಯವಲ್ಲ. ಮಾಲೀಕರಿಗೆ ಇದು ಉಳಿತಾಯವೆನಿಸಿದರೂ, ತುಕ್ಕು ಮಾತ್ರ ಯಾರ ಅಪ್ಪಣೆಗೂ ಕಾಯುವುದಿಲ್ಲ. ಅವರು ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬಾಗಿಲ ಕೆಳಗಿನ ಸಿಲ್‌ಗಳನ್ನು ಬೆರಳಗಂಟಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಮುಂದಿನ ಚಕ್ರಗಳು ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೂ ಹೊಸದನ್ನು ತುಂಬುತ್ತಾರೆ. ಬ್ರೇಕ್ ಪೈಪುಗಳನ್ನು ಟಾರ್ಚ್ ಹಾಕಿ ನೋಡುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಬಂಕುಗಳಿಗೆ ಶೇಕಡಾ 10ರವರೆಗೆ ಎಥನಾಲ್ ಬೆರೆತ ಇ10 ಪೆಟ್ರೋಲ್ ಬಂದಾಗ, ಎಥನಾಲ್ ಹಳೆಯ ರಬ್ಬರನ್ನು ತಿಂದುಹಾಕುತ್ತದೆಂದು ಎಚ್ಚರಿಸಿ ಪೆಟ್ರೋಲ್ ಹೋಸ್‌ಗಳನ್ನು ಬದಲಿಸಿದರು. ತೆಗೆದ ತುಂಡನ್ನು ನನ್ನ ಕೈಗಿತ್ತು ಬಗ್ಗಿಸಿ ನೋಡಿ ಎಂದರು, ಮೈತುಂಬ ಬಿರುಕುಗಳಿದ್ದವು. ಗ್ಯಾರೇಜಿನಲ್ಲಿ ಬಿಲ್ಲಿನ ಒಂದು ಸಾಲಾಗಿ ಮಾತ್ರ ಕಾಣುತ್ತಿದ್ದುದು ಇಲ್ಲಿ ಕಣ್ಣೆದುರಿಗೇ ಇತ್ತು.

ಕುಂದುಗಳೂ ಇವೆ. ಚಳಿಗಾಲವೆಲ್ಲ ಹೊದಿಕೆಯಡಿ ಮಲಗಿದ್ದ ಕಾರುಗಳು ಏಪ್ರಿಲ್‌ನಲ್ಲಿ ಒಟ್ಟಿಗೆ ಏಳುವುದರಿಂದ, ಆಗ ಅವರ ದಿನಾಂಕ ಸಿಗಲು ಐದಾರು ವಾರ ಕಾಯಬೇಕು. ನನಗೆ ಶೆಡ್ ಇಲ್ಲ. ಮಳೆಯಿಂದಾಗಿ ಎರಡು ಭೇಟಿಗಳು ಮುಂದಕ್ಕೆ ಹೋದವು. ಒಮ್ಮೆ ರಾಕರ್ ಕವರಿನ ಕಾರ್ಕ್ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಎಂಜಿನ್ ಪಕ್ಕದಲ್ಲೆಲ್ಲ ಎಣ್ಣೆ ಇಳಿಯಿತು. ಮೂರನೆಯ ದಿನ ಬಂದು ಪುಕ್ಕಟೆಯಾಗಿ ಸರಿಪಡಿಸಿದರಾದರೂ, ಮೊದಲೇ ಗಮನಿಸಬೇಕಾಗಿದ್ದ ತಪ್ಪು ಅದು. ಗಂಟೆಗೆ 50 ಪೌಂಡ್ ದರ ಗ್ಯಾರೇಜಿಗಿಂತ ಕಡಿಮೆಯೇ. ಪ್ರಯಾಣದ ಖರ್ಚು ಸೇರಿದರೆ ವ್ಯತ್ಯಾಸ ಅಷ್ಟೇನೂ ಉಳಿಯುವುದಿಲ್ಲ.

ಕಳೆದ ವರ್ಷ ಕ್ಲಚ್ ಜಾರತೊಡಗಿತು. ಎಂಜಿಬಿಯಲ್ಲಿ ಕ್ಲಚ್ ಬದಲಿಸಬೇಕೆಂದರೆ ಎಂಜಿನ್ನನ್ನೇ ಮೇಲೆತ್ತಿ ಹೊರತೆಗೆಯಬೇಕು. ನಮ್ಮ ಮನೆಯ ಮುಂದಿನ ಇಳಿಜಾರು ಜಾಗವನ್ನು ನೋಡಿದ ಅವರು, ಕ್ರೇನ್ ತರಬಲ್ಲೆನಾದರೂ ಇಲ್ಲಿ ಈ ಕೆಲಸ ಮಾಡಲಾರೆ ಎಂದು ನೇರವಾಗಿ ಹೇಳಿ, ಲಿಫ್ಟ್ ಇರುವ ಬೇರೊಂದು ವರ್ಕ್‌ಶಾಪಿನ ವಿಳಾಸ ಬರೆದುಕೊಟ್ಟರು. ಆ ದಿನದ ಭೇಟಿಗೆ ಹಣವನ್ನೂ ತೆಗೆದುಕೊಳ್ಳಲಿಲ್ಲ. ಕ್ಲಚ್ ಬದಲಾಗಿ ಕಾರು ಮನೆಗೆ ಮರಳಿದ ಮರುದಿನವೇ ಮುಂದಿನ ಸರ್ವಿಸ್‌ಗೆ ಅವರಲ್ಲಿ ದಿನಾಂಕ ಕಾದಿರಿಸಿದೆ.